ಗಡಸುತನವೋ, ಹಿಡಿತವೋ? ಕಾಂಡಕೋಶ ಮತ್ತು ಜೆಲ್ ಕುರಿತ ಒಂದು ಪ್ರಕರಣ ಅಧ್ಯಯನ

ಮನುಷ್ಯರ ಮೂಳೆಮಜ್ಜೆಯಿಂದ ತೆಗೆದ ಕಾಂಡಕೋಶಗಳು, ಅಂದರೆ ಮುಂದೆ ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲ ಕೋಶಗಳು. ಎಲ್ಲಕ್ಕೂ ಒಂದೇ ಪೋಷಕ ದ್ರವ, ಕೋಶಗಳು ಹಿಡಿದುಕೊಳ್ಳಲು ಕೊಲಾಜೆನ್ ಅನ್ನುವ ಪ್ರೊಟೀನಿನ ಒಂದೇ ಲೇಪ. ಬೇರೆ ಮಾಡಿದ್ದು ಅವುಗಳ ಕೆಳಗಿನ ಜೆಲ್‌ನ ಗಡಸುತನ ಒಂದನ್ನೇ. ತುಂಬಾ ಮೆದು ಜೆಲ್ ಮೇಲೆ ಕೂತ ಕೋಶಗಳು ಕವಲು ಚಾಚಿ ನರಕೋಶದ ಗುರುತುಗಳನ್ನು ತೋರಿಸಿದವು. ಮಧ್ಯಮ ಗಡಸಿನ ಜೆಲ್ ಮೇಲಿನವು ಎರಡೂ ತುದಿ ಚೂಪಾಗಿ ಉದ್ದವಾದವು, ಸ್ನಾಯುವಿನ ದಾರಿ ಹಿಡಿದವು. ಗಡಸು ಜೆಲ್ ಮೇಲಿನವು ಅಗಲವಾಗಿ ಹರಡಿ ಮೂಳೆಕೋಶದ ಕಡೆ ವಾಲಿದವು.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಡಮ್ ಎಂಗ್ಲರ್, ಶಮಿಕ್ ಸೇನ್, ಲೀ ಸ್ವೀನಿ, ಡೆನಿಸ್ ಡಿಶರ್ ಇದನ್ನು 2006ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಾಂಡಕೋಶ ಏನಾಗಬೇಕು ಅನ್ನುವುದನ್ನು ರಾಸಾಯನಿಕ ಸಂಕೇತಗಳೇ ಹೇಳುತ್ತವೆ ಎಂದು ಬಹಳ ಜನ ಅಂದುಕೊಂಡಿದ್ದ ಕಾಲ ಅದು. ಕಾಲ ಕೆಳಗಿನ ನೆಲವೂ ಅದನ್ನು ಹೇಳಬಲ್ಲದು ಅನ್ನುವ ಮಾತು ದೊಡ್ಡದಾಗಿಯೇ ಕೇಳಿಸಿತು.

ಆರು ವರ್ಷದ ನಂತರ ಇನ್ನೊಂದು ತಂಡ ಇದೇ ಜೆಲ್ ತೆಗೆದುಕೊಂಡು, ಕೋಶ ಗುರುತಿಸುತ್ತಿರುವುದು ಗಡಸುತನವನ್ನೇ ಅಲ್ಲ ಎಂದಿತು. ಮತ್ತೆ ಎರಡು ವರ್ಷಕ್ಕೆ ಎಂಗ್ಲರ್ ಅವರ ಹೊಸ ತಂಡ, ಇಲ್ಲ, ಗಡಸುತನವೇ ಎಂದು ಉತ್ತರ ಕೊಟ್ಟಿತು. ಮೂರೂ ಲೇಖನಗಳು ಒಳ್ಳೆಯ ಪ್ರಯೋಗಾಲಯಗಳಿಂದ ಬಂದವು, ಮೂರರಲ್ಲೂ ಕೆಲಸ ಅಚ್ಚುಕಟ್ಟಾಗಿದೆ. ಹಾಗಾದರೆ ಭಿನ್ನಾಭಿಪ್ರಾಯ ಹುಟ್ಟಿದ್ದು ಎಲ್ಲಿ? ಜೆಲ್ ತಯಾರಾಗುವ ಹಂತದಲ್ಲೇ ಅಂತ ನನಗೆ ಅನಿಸುತ್ತದೆ. ಅದಕ್ಕೇ ಮೊದಲು ಜೆಲ್ ಹತ್ತಿರ ಹೋಗೋಣ.

ಪ್ಲಾಸ್ಟಿಕ್ ತಟ್ಟೆಯ ತೊಂದರೆ

ಪ್ರಯೋಗಾಲಯದಲ್ಲಿ ಕೋಶಗಳನ್ನು ಬೆಳೆಸುವುದು ಹೆಚ್ಚಾಗಿ ಪಾಲಿಸ್ಟೈರೀನ್ ತಟ್ಟೆಯಲ್ಲಿ. ಅದರ ಗಡಸುತನ ಸುಮಾರು 3 ಗಿಗಾಪಾಸ್ಕಲ್, ಅಂದರೆ 30 ಲಕ್ಷ ಕಿಲೊಪಾಸ್ಕಲ್. ಮೆದುಳಿನ ಅಂಗಾಂಶ ಇರುವುದು 0.1ರಿಂದ 1 ಕಿಲೊಪಾಸ್ಕಲ್ ಆಸುಪಾಸಿನಲ್ಲಿ. ಸ್ನಾಯು 8ರಿಂದ 17. ಇನ್ನೂ ಕ್ಯಾಲ್ಸಿಯಂ ತುಂಬಿಕೊಳ್ಳದ ಎಳೆಯ ಮೂಳೆಯ ಪದರ 25ರಿಂದ 40. ಅಂದರೆ ಮೆದುಳಿಗಿಂತ ತಟ್ಟೆ ಲಕ್ಷಾಂತರ ಪಟ್ಟು ಗಡಸು. ದೇಹದೊಳಗೆ ಇಂಥ ನೆಲವನ್ನು ಯಾವ ಮೆದು ಅಂಗಾಂಶದ ಕೋಶವೂ ಕಂಡಿರುವುದಿಲ್ಲ.

ಈ ಕೊರತೆಗೆ 1997ರಲ್ಲಿ ರಾಬರ್ಟ್ ಪೆಲ್ಹಮ್ ಮತ್ತು ಯು-ಲಿ ವಾಂಗ್ ಒಂದು ದಾರಿ ತೋರಿಸಿದರು. ಪ್ರೊಟೀನ್‌ಗಳನ್ನು ಬೇರ್ಪಡಿಸಲು ಎಲ್ಲರೂ ಬಳಸುವ ಪಾಲಿಅಕ್ರಿಲಮೈಡ್ ಜೆಲ್ಲನ್ನೇ ಕೋಶಗಳಿಗೆ ನೆಲವಾಗಿ ಮಾಡಿದರು. ಈ ಜೆಲ್‌ನ ಅನುಕೂಲ ದೊಡ್ಡದು. ಅಕ್ರಿಲಮೈಡ್ ಉದ್ದುದ್ದ ಎಳೆಗಳಾಗುತ್ತದೆ, ಬಿಸ್‌ಅಕ್ರಿಲಮೈಡ್ ಆ ಎಳೆಗಳನ್ನು ಅಡ್ಡಕ್ಕೆ ಬೆಸೆಯುತ್ತದೆ. ಇವೆರಡರ ಪ್ರಮಾಣ ಬದಲಿಸಿದರೆ ಸಾಕು, ಒಂದು ಕಿಲೊಪಾಸ್ಕಲ್‌ಗಿಂತ ಕಡಿಮೆಯಿಂದ ಹಿಡಿದು ಹತ್ತಾರು ಕಿಲೊಪಾಸ್ಕಲ್‌ವರೆಗೆ ಎಲ್ಲಿ ಬೇಕೋ ಅಲ್ಲಿಗೆ ಹೋಗಬಹುದು. ಜೆಲ್ ಪಾರದರ್ಶಕ, ಹಾಗಾಗಿ ಸೂಕ್ಷ್ಮದರ್ಶಕಕ್ಕೆ ಅಡ್ಡಿಯಿಲ್ಲ. ಪ್ರೊಟೀನ್‌ಗಳು ತಾವಾಗಿ ಅದಕ್ಕೆ ಅಂಟುವುದೂ ಇಲ್ಲ. ನಾವು ಕಟ್ಟಿದ್ದು ಮಾತ್ರ ಇರುತ್ತದೆ.

ಈ ಕೊನೆಯ ಮಾತು ನೆನಪಿರಲಿ. ಇಡೀ ಪ್ರಕರಣ ನಿಂತಿರುವುದೇ ಆ ‘ಕಟ್ಟಿದ್ದು’ ಅನ್ನುವುದರ ಮೇಲೆ.

ಜೆಲ್ ಮಾಡುವ ಕೆಲಸ, ಹತ್ತಿರದಿಂದ

ಗಾಜಿನ ಒಂದು ತೆಳು ತುಂಡಿನ ಮೇಲ್ಮೈಯನ್ನು ಮೊದಲೇ ರಾಸಾಯನಿಕದಿಂದ ಹದ ಮಾಡಿಟ್ಟಿರುತ್ತಾರೆ, ಜೆಲ್ ಅದಕ್ಕೆ ಗಟ್ಟಿಯಾಗಿ ಅಂಟಲಿ ಅಂತ. ಇನ್ನೊಂದು ತುಂಡಿಗೆ ಉಲ್ಟಾ ಉಪಚಾರ, ಅದು ಸುಲಭವಾಗಿ ಬಿಟ್ಟುಬರಬೇಕು. ಎರಡರ ನಡುವೆ ಒಂದು ಹನಿ ದ್ರಾವಣ. ಆಮ್ಲಜನಕ ಇದ್ದರೆ ಜೆಲ್ ಸರಿಯಾಗಿ ಕಟ್ಟುವುದಿಲ್ಲ, ಅದಕ್ಕೆ ದ್ರಾವಣದಿಂದ ಗಾಳಿಯನ್ನು ಮೊದಲೇ ಎಳೆದು ತೆಗೆಯುತ್ತಾರೆ. ಕಡೆಗೆ ಜೆಲ್ ಕಟ್ಟಿಸುವ ಅಮೋನಿಯಂ ಪರ್ಸಲ್ಫೇಟ್ ಮತ್ತು ಟೆಮೆಡ್ ಸೇರಿಸಿದ ಮೇಲೆ ಕೈ ಬೇಗ ಓಡಬೇಕು. ಕಟ್ಟಿದ ಮೇಲೆ ಮೇಲಿನ ಗಾಜನ್ನು ನಿಧಾನಕ್ಕೆ ಜಾರಿಸಿ ತೆಗೆದು, ಜೆಲ್ಲನ್ನು ಚೆನ್ನಾಗಿ ತೊಳೆಯುತ್ತಾರೆ. ಕಟ್ಟದೆ ಉಳಿದ ಅಕ್ರಿಲಮೈಡ್ ನರಗಳಿಗೆ ವಿಷ. ಕೋಶಗಳಿಗೂ ಒಳ್ಳೆಯದಲ್ಲ.

ಈಗ ಜೆಲ್ ಬರಿಮೈಯಲ್ಲಿದೆ. ಕೋಶ ಹಾಕಿದರೆ ತೇಲುತ್ತದೆ, ಅಂಟುವುದಿಲ್ಲ. ಕೊಲಾಜೆನ್ ಕಟ್ಟಲು ಹೆಚ್ಚಿನವರು ಬಳಸುವುದು ಸಲ್ಫೊ-ಸ್ಯಾನ್‌ಪಾ ಅನ್ನುವ ರಾಸಾಯನಿಕ. ಇದಕ್ಕೆ ಎರಡು ತುದಿ. ಒಂದು ತುದಿ ನೇರಳಾತೀತ ಬೆಳಕು ಬಿದ್ದಾಗ ಜೆಲ್ಲನ್ನು ಹಿಡಿಯುತ್ತದೆ. ಇನ್ನೊಂದು ತುದಿ ಪ್ರೊಟೀನಿನ ಅಮೈನ್ ಗುಂಪನ್ನು ಹಿಡಿಯುತ್ತದೆ. ಜೆಲ್ ಮೇಲೆ ಸುರಿದಾಗ ಕೆಂಪು-ಕಿತ್ತಳೆ ಬಣ್ಣ ಇರುತ್ತದೆ. ದೀಪದ ಕೆಳಗೆ ಇಟ್ಟರೆ ಕೆಲವೇ ನಿಮಿಷದಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಬಂದರೆ ಕೆಲಸ ನಡೆಯಿತು ಎಂದು ಲೆಕ್ಕ. ಆದರೆ ಪ್ರೊಟೀನ್ ಹಿಡಿಯುವ ತುದಿ ನೀರಿನಲ್ಲಿ ಬೇಗ ಹಾಳಾಗುತ್ತದೆ. ದ್ರಾವಣ ಹಳೆಯದಾದರೆ, ತೊಳೆಯುವುದು ತಡವಾದರೆ, ದೀಪದ ದೂರ ಬದಲಾದರೆ ಎಷ್ಟು ಕೊಂಡಿಗಳು ಉಳಿದವು ಅನ್ನುವುದೂ ಬದಲಾಗುತ್ತದೆ. ಕಣ್ಣಿಗೆ ಮಾತ್ರ ಎಲ್ಲವೂ ಅದೇ ಕಂದು.

ಆಮೇಲೆ ಕೊಲಾಜೆನ್ ಸುರಿದು ರಾತ್ರಿಯಿಡೀ ಬಿಟ್ಟು, ಮಾರನೆಯ ದಿನ ತೊಳೆದು, ಕೋಶ ಬಿತ್ತುತ್ತಾರೆ.

ಗಡಸುತನ ಅಳೆಯುವ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಪಾಕವಿಧಾನದ ಪಟ್ಟಿಯಲ್ಲಿ ಬರೆದ ಅಂಕಿಯನ್ನು ನಂಬಿ ಮುಂದೆ ಹೋಗುವುದು ಸರಿಯಲ್ಲ. ಕಟ್ಟಿದ ಮೇಲೆ ಜೆಲ್ ನೀರು ಕುಡಿದು ಉಬ್ಬುತ್ತದೆ, ಉಬ್ಬಿದರೆ ಗಡಸುತನ ಬದಲಾಗುತ್ತದೆ. ಅದಕ್ಕೆ ಉಬ್ಬಿದ ನಂತರ, ಕೋಶ ಇರುವ ದ್ರವದಲ್ಲೇ ಅಳೆಯಬೇಕು. ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪಿನ ಸಣ್ಣ ಮೊನೆಯಿಂದ ಜೆಲ್ಲನ್ನು ಒತ್ತಿ, ಎಷ್ಟು ಬಲಕ್ಕೆ ಎಷ್ಟು ಒಳಗೆ ಹೋಯಿತು ಎಂದು ನೋಡಿ, ಹರ್ಟ್ಸ್ ಮಾದರಿಯ ಲೆಕ್ಕದಿಂದ ಅಂಕಿ ತೆಗೆಯುತ್ತಾರೆ. ಜೆಲ್‌ನ ದಪ್ಪವನ್ನೂ ನೋಡಬೇಕು. ಕೆಲವೇ ಮೈಕ್ರಾನ್ ದಪ್ಪದ ಜೆಲ್ ಆದರೆ ಕೋಶಕ್ಕೆ ಕೆಳಗಿನ ಗಾಜೇ ಸಿಕ್ಕಿಬಿಡುತ್ತದೆ. ಹತ್ತಾರು ಮೈಕ್ರಾನ್ ದಪ್ಪ ಇದ್ದರೆ ಆ ಭಯ ಕಡಿಮೆ.

2006ರ ಸಾಕ್ಷ್ಯ ಎಷ್ಟು ಗಟ್ಟಿ?

ಎಂಗ್ಲರ್ ಮತ್ತು ಡಿಶರ್ ತಂಡ ಬರೀ ಕೋಶದ ಆಕಾರ ನೋಡಿ ತೀರ್ಮಾನ ಮಾಡಲಿಲ್ಲ. ನರಕೋಶಕ್ಕೆ ಬೀಟಾ-3 ಟ್ಯುಬುಲಿನ್, ಸ್ನಾಯುವಿಗೆ ಮಯೋಡಿ, ಮೂಳೆಗೆ ಇಂದು ರಂಕ್ಸ್2 ಎಂದು ಕರೆಯುವ ಪ್ರೊಟೀನ್, ಹೀಗೆ ಗುರುತುಗಳನ್ನು ನೋಡಿದರು. ಜೀನ್‌ಗಳ ಚಟುವಟಿಕೆಯನ್ನೂ ಅಳೆದರು. ಯಾವ ಗಡಸುತನದಲ್ಲಿ ಯಾವ ಗುರುತು ಏರುತ್ತದೋ ಅದು ಆ ಅಂಗಾಂಶದ ಸಹಜ ಗಡಸುತನಕ್ಕೆ ಹೊಂದಿಕೊಂಡಿತ್ತು.

ನನಗೆ ಇದರಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸುವುದು ಬ್ಲೆಬ್ಬಿಸ್ಟಾಟಿನ್ ಪ್ರಯೋಗ. ಕೋಶ ತನ್ನ ನೆಲವನ್ನು ಹೇಗೆ ತಿಳಿಯುತ್ತದೆ? ಅದನ್ನು ಎಳೆದು ನೋಡಿ ತಿಳಿಯುತ್ತದೆ. ಒಳಗಿನ ಮಯೋಸಿನ್-2 ಅನ್ನುವ ಪ್ರೊಟೀನ್ ಎಳೆಯುವ ಬಲ ಕೊಡುತ್ತದೆ, ಆ ಬಲ ಅಂಟುಬಿಂದುಗಳ ಮೂಲಕ ನೆಲಕ್ಕೆ ತಲುಪುತ್ತದೆ, ನೆಲ ಎಷ್ಟು ಜಗ್ಗಿತು ಅನ್ನುವುದು ಕೋಶಕ್ಕೆ ವಾಪಸ್ ಗೊತ್ತಾಗುತ್ತದೆ. ಬ್ಲೆಬ್ಬಿಸ್ಟಾಟಿನ್ ಈ ಮಯೋಸಿನ್ನನ್ನು ತಡೆಯುತ್ತದೆ. ಅದನ್ನು ಹಾಕಿದಾಗ ಮೆದು, ಮಧ್ಯಮ, ಗಡಸು ಅನ್ನುವ ವ್ಯತ್ಯಾಸಕ್ಕೆ ಕೋಶಗಳು ಸ್ಪಂದಿಸಲಿಲ್ಲ. ಎಳೆಯಲಾಗದ ಕೋಶಕ್ಕೆ ನೆಲದ ಸುದ್ದಿ ಸಿಗುವುದಿಲ್ಲ ಅಂತಾಯಿತು.

ಸಮಯದ ಪ್ರಯೋಗವೂ ಇತ್ತು. ಮೊದಲ ವಾರದಲ್ಲಿ ರಾಸಾಯನಿಕ ಸಂಕೇತ ಕೊಟ್ಟರೆ ಕೋಶಗಳ ದಾರಿ ಬದಲಿಸಬಹುದಿತ್ತು. ಕೆಲವು ವಾರ ಜೆಲ್ ಮೇಲೆ ಕಳೆದ ಮೇಲೆ ಹಾಗೆ ಬದಲಿಸಲು ಆಗಲಿಲ್ಲ.

ಇಷ್ಟರಿಂದ ಕೋಶ ಎಳೆದು ನೋಡುತ್ತದೆ ಅನ್ನುವುದು ಗಟ್ಟಿಯಾಗಿ ನಿಂತಿತು. ಆದರೆ ಎಳೆದಾಗ ಅದರ ಕೈಗೆ ಸಿಗುವುದು ಏನು? ಜೆಲ್‌ನ ಒಟ್ಟು ಗಡಸುತನವೋ, ಅಥವಾ ಅದರ ಮೇಲೆ ಕಟ್ಟಿದ ಕೊಲಾಜೆನ್‌ನ ಬಿಗಿತವೋ? 2006ರ ಪ್ರಯೋಗಗಳು ಈ ಎರಡನ್ನು ಬೇರೆ ಮಾಡಿರಲಿಲ್ಲ. ಆಗ ಆ ಪ್ರಶ್ನೆಯೇ ಯಾರ ಮುಂದೆಯೂ ಅಷ್ಟಾಗಿ ಇರಲಿಲ್ಲ.

2012: ಆಕ್ಷೇಪ

ಬ್ರಿಟನ್ನಿನ ಕೇಂಬ್ರಿಡ್ಜ್‌ನಲ್ಲಿ ಬ್ರಿಟ್ಟಾ ಟ್ರಾಪ್‌ಮನ್, ಫಿಯೋನಾ ವಾಟ್, ವಿಲ್ಹೆಲ್ಮ್ ಹಕ್ ಮತ್ತು ಜೊತೆಗಾರರು ಈ ಪ್ರಶ್ನೆ ಎತ್ತಿದರು. ‘ನೇಚರ್ ಮೆಟೀರಿಯಲ್ಸ್’ ಪತ್ರಿಕೆಯಲ್ಲಿ ಬಂದ ಅವರ ಕೆಲಸದ ಜಾಣ್ಮೆ ಇರುವುದು ಎರಡು ಬೇರೆ ವಸ್ತುಗಳನ್ನು ಅಕ್ಕಪಕ್ಕ ಇಟ್ಟದ್ದರಲ್ಲಿ. ಒಂದು, ಅದೇ ಪಾಲಿಅಕ್ರಿಲಮೈಡ್. ಇನ್ನೊಂದು, ಪಿಡಿಎಂಎಸ್ ಅನ್ನುವ ಸಿಲಿಕೋನ್. ಒಟ್ಟು 0.1 ಕಿಲೊಪಾಸ್ಕಲ್‌ನಿಂದ 2.3 ಮೆಗಾಪಾಸ್ಕಲ್ (2,300 ಕಿಲೊಪಾಸ್ಕಲ್) ವರೆಗೆ ಗಡಸುತನ. ಎಲ್ಲದರ ಮೇಲೂ ಕೊಲಾಜೆನ್ ಕಟ್ಟಿ, ಮನುಷ್ಯರ ಚರ್ಮದ ಕಾಂಡಕೋಶಗಳನ್ನು ಒಂದೊಂದಾಗಿ ಬಿಟ್ಟರು.

ಗಡಸುತನವೇ ಕಾರಣವಾಗಿದ್ದರೆ ಎರಡೂ ವಸ್ತುಗಳ ಮೇಲೆ ಒಂದೇ ಫಲಿತಾಂಶ ಬರಬೇಕು, ಅಲ್ವಾ? ಬರಲಿಲ್ಲ. ಸಿಲಿಕೋನ್ ಎಷ್ಟೇ ಮೆದುವಾಗಿದ್ದರೂ ಕೋಶಗಳು ಒಂದೇ ರೀತಿ ಹರಡಿದವು. ಪಾಲಿಅಕ್ರಿಲಮೈಡ್ ಮೇಲೆ ಮಾತ್ರ, 0.5 ಕಿಲೊಪಾಸ್ಕಲ್‌ನ ಮೆದು ಜೆಲ್‌ನಲ್ಲಿ ಕೋಶಗಳಿಗೆ ಗಟ್ಟಿ ಅಂಟುಬಿಂದು ಕಟ್ಟಲು ಆಗಲಿಲ್ಲ. ಇಆರ್‌ಕೆ ಅನ್ನುವ ಸಂಕೇತದ ಸರಪಳಿ ತಗ್ಗಿತು, ಕೋಶಗಳು ಕಾಂಡಕೋಶವಾಗಿ ಉಳಿಯದೆ ಮುಂದಿನ ಹಂತಕ್ಕೆ ಹೊರಟವು. ಮೂಳೆಮಜ್ಜೆಯ ಬಗೆಯ ಕಾಂಡಕೋಶಗಳಲ್ಲೂ ಇದೇ ಕಥೆ. ಸಿಲಿಕೋನ್‌ನ ಗಡಸುತನಕ್ಕೆ ಸ್ಪಂದನೆ ಇಲ್ಲ, ಪಾಲಿಅಕ್ರಿಲಮೈಡ್‌ನದಕ್ಕೆ ಇದೆ.

ಹಾಗಾದರೆ ಎರಡು ವಸ್ತುಗಳ ನಡುವೆ ಬೇರೆ ಏನಿದೆ? ಜೆಲ್‌ನಲ್ಲಿ ರಂಧ್ರಗಳಿವೆ. ಬೇರೆ ಬೇರೆ ಗಾತ್ರದ ಡೆಕ್ಸ್‌ಟ್ರಾನ್ ಅಣುಗಳನ್ನು ಜೆಲ್ ಒಳಗೆ ಬಿಟ್ಟು ಯಾವುದು ಎಷ್ಟು ಹೋಗುತ್ತದೆ ನೋಡಿದರು. ಮೆದು ಜೆಲ್‌ನಲ್ಲಿ ರಂಧ್ರ ಜಾಸ್ತಿ ಇತ್ತು. ಅಂದರೆ ಕೊಲಾಜೆನ್ ಎಳೆಯನ್ನು ಜೆಲ್‌ಗೆ ಕಟ್ಟಿದ ಬಿಂದುಗಳು ಒಂದಕ್ಕೊಂದು ದೂರ ದೂರ ಇರಬೇಕು ಎಂದು ಅವರು ಊಹಿಸಿದರು. ಹತ್ತಿರ ಹತ್ತಿರ ಗೂಟ ಹೊಡೆದು ಕಟ್ಟಿದ ಹಗ್ಗವನ್ನು ನಡುವೆ ಹಿಡಿದು ಎಳೆದರೆ ಅದು ಬಿಗಿಯಾಗಿರುತ್ತದೆ. ಗೂಟಗಳು ದೂರವಿದ್ದರೆ ಅದೇ ಹಗ್ಗ ಸಡಿಲವಾಗಿ ಬಾಗುತ್ತದೆ. ನೆಲ ಎರಡೂ ಕಡೆ ಒಂದೇ. ಕೋಶ ಎಳೆಯುವುದು ಕೊಲಾಜೆನ್ ಎಳೆಯನ್ನು, ಜೆಲ್ಲನ್ನು ನೇರವಾಗಿ ಅಲ್ಲ ಅನ್ನುವುದು ಅವರ ವಾದ.

ಅವರು ಊಹೆಗೇ ನಿಲ್ಲಲಿಲ್ಲ. ಗಡಸುತನವನ್ನು ಹಾಗೇ ಇಟ್ಟು, ಕೊಲಾಜೆನ್ ಕಟ್ಟುವ ಕೊಂಡಿಯ ಪ್ರಮಾಣ ಮಾತ್ರ ಬದಲಿಸಿದರು. ಇನ್ನೊಂದು ಪ್ರಯೋಗದಲ್ಲಿ ಜೆಲ್ ಮೇಲೆ ನ್ಯಾನೊಕಣಗಳನ್ನು ಬೇರೆ ಬೇರೆ ಅಂತರದಲ್ಲಿ ಕೂರಿಸಿ, ಕಟ್ಟುಬಿಂದುಗಳ ದೂರವನ್ನೇ ನೇರವಾಗಿ ಹತೋಟಿಗೆ ತಂದರು. ಕಟ್ಟು ವಿರಳವಾದಾಗ ಕೋಶಗಳು ಮೆದು ಜೆಲ್ ಮೇಲೆ ಇದ್ದಂತೆ ನಡೆದುಕೊಂಡವು.

ಈ ಲೇಖನ ಓದಿದವರು ತಮ್ಮ ಹಳೆಯ ಪ್ರಯೋಗಗಳನ್ನು ಮತ್ತೆ ಯೋಚಿಸಬೇಕಾಯಿತು. ಪಾಲಿಅಕ್ರಿಲಮೈಡ್ ಜೆಲ್ಲನ್ನು ಮೆದು ಮಾಡಿದಾಗ ಗಡಸುತನದ ಜೊತೆ ರಂಧ್ರವೂ ಬದಲಾಗುತ್ತದೆ ಅನ್ನುವುದು ಜೆಲ್ ರಸಾಯನಶಾಸ್ತ್ರ ಬಲ್ಲವರಿಗೆ ಹೊಸದಲ್ಲ. ಕೋಶದ ಜನ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಹಳ ದೂರ ಬಂದಿದ್ದರು.

2014: ಉತ್ತರ

ಅಷ್ಟರಲ್ಲಿ ಎಂಗ್ಲರ್ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದರು. ಜೆಸ್ಸಿಕಾ ವೆನ್ ಮೊದಲ ಲೇಖಕಿಯಾಗಿ ಅವರ ತಂಡ ಅದೇ ‘ನೇಚರ್ ಮೆಟೀರಿಯಲ್ಸ್’ನಲ್ಲಿ ಉತ್ತರ ಬರೆಯಿತು. ಉತ್ತರದ ವಿನ್ಯಾಸ ಕಲಿಯುವ ಹಾಗಿದೆ.

ಮೊದಲನೆಯದಾಗಿ, ಗಡಸುತನ ಮತ್ತು ರಂಧ್ರವನ್ನು ಬೇರ್ಪಡಿಸಿದರು. ಅಕ್ರಿಲಮೈಡ್ ಜಾಸ್ತಿ, ಬಿಸ್‌ಅಕ್ರಿಲಮೈಡ್ (ಬಿಸ್) ಕಡಿಮೆ ಹಾಕಿ ಒಂದು ಜೆಲ್. ಅಕ್ರಿಲಮೈಡ್ ಕಡಿಮೆ, ಬಿಸ್ ಜಾಸ್ತಿ ಹಾಕಿ ಇನ್ನೊಂದು. ಸರಿಯಾಗಿ ಹೊಂದಿಸಿದರೆ ಎರಡರ ಗಡಸುತನವೂ ಒಂದೇ ಬರುತ್ತದೆ, ರಂಧ್ರ ಮಾತ್ರ ಬೇರೆ. ಇಂಥ ಜೆಲ್‌ಗಳ ಮೇಲೆ ಮೂಳೆಮಜ್ಜೆಯ ಕೋಶಗಳನ್ನೂ ಕೊಬ್ಬಿನಿಂದ ತೆಗೆದ ಕೋಶಗಳನ್ನೂ ಬೆಳೆಸಿದರು. ರಂಧ್ರ ಬದಲಾದರೂ ಮೂಳೆ ಅಥವಾ ಕೊಬ್ಬಿನ ಕಡೆ ಹೋಗುವ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ರಂಧ್ರ ಬದಲಾದ ಮಾತ್ರಕ್ಕೆ ಪ್ರೊಟೀನಿನ ಕಟ್ಟು ಕೂಡ ಅಷ್ಟಾಗಿ ಬದಲಾಗಲಿಲ್ಲ ಅನ್ನುವುದೂ ಹೊರಬಂತು. ಇದು ಟ್ರಾಪ್‌ಮನ್ ತಂಡದ ಊಹೆಯ ಮೊದಲ ಮೆಟ್ಟಿಲಿಗೇ ಪೆಟ್ಟು.

ಎರಡನೆಯದಾಗಿ ಸಲ್ಫೊ-ಸ್ಯಾನ್‌ಪಾ ಪ್ರಮಾಣವನ್ನು 50 ಪಟ್ಟಿನವರೆಗೆ ಬದಲಿಸಿದರು. ಈ ಸಲ ಕಟ್ಟು ನಿಜಕ್ಕೂ ಬದಲಾಯಿತು. ಆದರೆ ಕೋಶಗಳ ದಾರಿ ಬದಲಾಗಲಿಲ್ಲ. ಕೋಶ ಎಳೆದಾಗ ಕೆಳಗಿನ ಜೆಲ್ ಎಷ್ಟು ಜಗ್ಗುತ್ತದೆ ಅನ್ನುವುದೂ ಬದಲಾಗಲಿಲ್ಲ.

ಈ ಜಗ್ಗಾಟ ಅಳೆಯುವ ವಿಧಾನ ನೋಡಲು ಚೆಂದ. ಜೆಲ್ ಕಟ್ಟುವಾಗಲೇ ಅದರೊಳಗೆ ಹೊಳೆಯುವ ಪುಟ್ಟ ಮಣಿಗಳನ್ನು ಸೇರಿಸುತ್ತಾರೆ. ಕೋಶ ಕೂತಿರುವಾಗ ಮಣಿಗಳ ಒಂದು ಚಿತ್ರ. ಆಮೇಲೆ ಕೋಶವನ್ನು ಬಿಡಿಸಿ, ಜೆಲ್ ತನ್ನ ಜಾಗಕ್ಕೆ ಮರಳಿದ ಮೇಲೆ ಇನ್ನೊಂದು ಚಿತ್ರ. ಎರಡನ್ನೂ ಒಂದರ ಮೇಲೊಂದು ಇಟ್ಟರೆ ಪ್ರತಿ ಮಣಿ ಎಷ್ಟು ಸರಿದಿತ್ತು ಎಂದು ಕಾಣುತ್ತದೆ. ಕೋಶದ ಅಂಚಿನಲ್ಲಿ ಮಣಿಗಳು ಒಳಮುಖವಾಗಿ ಸರಿದಿರುತ್ತವೆ, ನಡುವೆ ಅಷ್ಟಾಗಿ ಇಲ್ಲ. ಜೆಲ್‌ನ ಗಡಸುತನ ಗೊತ್ತಿದ್ದರೆ ಈ ಸರಿತದಿಂದ ಬಲವನ್ನೂ ಲೆಕ್ಕ ಹಾಕಬಹುದು. ಮೇಲಿನ ಪ್ರೊಟೀನ್ ಸಡಿಲವಾಗಿದ್ದು, ಕೋಶ ಅದನ್ನು ಮಾತ್ರ ಜಗ್ಗುತ್ತಿದ್ದರೆ ಕೆಳಗಿನ ಮಣಿಗಳು ಕಡಿಮೆ ಸರಿಯಬೇಕಿತ್ತು. ಹಾಗಾಗಲಿಲ್ಲ. ಮೇಲ್ಮೈ ಪ್ರೊಟೀನ್ ಎಷ್ಟು ಬಿಚ್ಚಿಕೊಳ್ಳುತ್ತದೆ ಎಂದೂ ನೋಡಿದರು. ಅಲ್ಲೂ ವ್ಯತ್ಯಾಸವಿಲ್ಲ.

ಮೂರನೆಯ ಪ್ರಯೋಗ ನನಗೆ ಎಲ್ಲಕ್ಕಿಂತ ಇಷ್ಟ. ಕಟ್ಟುವ ಪ್ರೊಟೀನನ್ನೇ ತೆಗೆದುಹಾಕಿದರು. ಅದರ ಬದಲು ಕೋಶ ಹಿಡಿದುಕೊಳ್ಳುವ ಆರ್‌ಜಿಡಿ ಅನ್ನುವ ಚಿಕ್ಕ ಪೆಪ್ಟೈಡ್ ತುಣುಕನ್ನು ಜೆಲ್‌ನ ಎಳೆಯಲ್ಲೇ ಬೆಸೆದರು. ಜಗ್ಗಲು ಉದ್ದನೆಯ ಕೊಲಾಜೆನ್ ಎಳೆಯೇ ಇಲ್ಲ. ಆದರೂ ಕೋಶಗಳು ಜೆಲ್‌ನ ಗಡಸುತನಕ್ಕೆ ತಕ್ಕಂತೆ ದಾರಿ ಹಿಡಿದವು. ಸಮತಟ್ಟಾದ ನೆಲದ ಮೇಲೆ ಗಡಸುತನ ತಾನೇ ಸ್ವತಂತ್ರವಾಗಿ ಕೆಲಸ ಮಾಡುತ್ತದೆ ಎಂದು ಅವರು ತೀರ್ಮಾನಿಸಿದರು.

ಹಾಗಾದರೆ ಸಿಲಿಕೋನ್?

2014ರ ಕೆಲಸ ಪಾಲಿಅಕ್ರಿಲಮೈಡ್ ಬಗ್ಗೆ ಗಟ್ಟಿಯಾಗಿದೆ. ಆದರೆ ಸಿಲಿಕೋನ್ ಮೇಲೆ ಕೋಶಗಳು ಯಾಕೆ ಸ್ಪಂದಿಸಲಿಲ್ಲ ಅನ್ನುವುದು ಆರ್‌ಜಿಡಿ ಪ್ರಯೋಗದಿಂದ ತಿಳಿಯುವುದಿಲ್ಲ. ಇದಕ್ಕೆ ವಸ್ತುವಿನ ಸ್ವಭಾವದಲ್ಲೇ ಉತ್ತರ ಹುಡುಕಬೇಕು ಎಂದು ನನ್ನ ನಂಬಿಕೆ.

ಸಿಲಿಕೋನನ್ನು ಮೆದು ಮಾಡಲು ಅದನ್ನು ಬೆಸೆಯುವ ರಾಸಾಯನಿಕವನ್ನು ಕಡಿಮೆ ಹಾಕುತ್ತಾರೆ. ಹಾಗೆ ಮಾಡಿದಾಗ ಬೆಸೆಯದೆ ಉಳಿದ ಎಳೆಗಳು ಒಳಗೆ ಎಣ್ಣೆಯಂತೆ ಉಳಿಯುತ್ತವೆ. ಮೇಲ್ಮೈ ಅಂಟಂಟಾಗುತ್ತದೆ. ಅಂಟಿದರೆ ಅಳತೆಯ ಮೊನೆ ಯಾವಾಗ ಮೇಲ್ಮೈ ಮುಟ್ಟಿತು ಎಂದು ಹೇಳುವುದೇ ಕಷ್ಟ. ಇನ್ನೂ ಮುಖ್ಯವಾದದ್ದು, ಇಂಥ ಸಿಲಿಕೋನ್ ಬರೀ ಸ್ಪ್ರಿಂಗ್ ತರಹ ವರ್ತಿಸುವುದಿಲ್ಲ. ನಿಧಾನಕ್ಕೆ ಎಳೆದರೆ ಒಂದು ರೀತಿ, ಬೇಗ ಎಳೆದರೆ ಇನ್ನೊಂದು ರೀತಿ. ದೊಡ್ಡ ತುಂಡನ್ನು ಯಂತ್ರದಲ್ಲಿಟ್ಟು ಅಳೆದ ಅಂಕಿ, ಕೋಶವೊಂದು ನ್ಯಾನೊಮೀಟರ್ ಅಳತೆಯ ಅಂಟುಬಿಂದುವಿನಲ್ಲಿ ಎಳೆದಾಗ ಸಿಗುವ ಅನುಭವಕ್ಕೆ ಸಮ ಅಂತ ಹೇಳಲಾಗದು. ಇಬ್ಬರ ಪಟ್ಟಿಯಲ್ಲೂ ‘1 ಕಿಲೊಪಾಸ್ಕಲ್’ ಎಂದು ಬರೆದಿದ್ದರೂ ಕೋಶದ ಮಟ್ಟದಲ್ಲಿ ಅವು ಎರಡು ಬೇರೆ ನೆಲಗಳಾಗಿರಬಹುದು.

ಟ್ರಾಪ್‌ಮನ್ ತಂಡದ ಕೆಲಸವನ್ನು ತಪ್ಪು ಎಂದು ಬದಿಗಿಡುವುದಕ್ಕೆ ನಾನು ತಯಾರಿಲ್ಲ. ಚರ್ಮದ ಕಾಂಡಕೋಶ ಬೇರೆ, ಮಜ್ಜೆಯ ಕೋಶ ಬೇರೆ. ಕಟ್ಟು ತುಂಬಾ ವಿರಳವಾದಾಗ ಚರ್ಮದ ಕೋಶ ಬೇರೆ ರೀತಿ ನಡೆದುಕೊಂಡಿದ್ದನ್ನು ಮಜ್ಜೆ ಮತ್ತು ಕೊಬ್ಬಿನ ಕೋಶಗಳ ಪ್ರಯೋಗ ಅಲ್ಲಗಳೆಯುವುದಿಲ್ಲ. ಅವರು ಕೇಳಿದ ಪ್ರಶ್ನೆಯಿಂದಲೇ 2014ರ ಪ್ರಯೋಗಗಳು ಹುಟ್ಟಿದವು. ಆ ಪ್ರಶ್ನೆ ಇಲ್ಲದಿದ್ದರೆ ರಂಧ್ರ ಮತ್ತು ಗಡಸುತನವನ್ನು ಬೇರ್ಪಡಿಸಿದ ಜೆಲ್‌ಗಳನ್ನು ಇಷ್ಟು ಎಚ್ಚರಿಕೆಯಿಂದ ಯಾರೂ ಮಾಡುತ್ತಿರಲಿಲ್ಲವೇನೋ.

ಇಬ್ಬರೂ ಮುಟ್ಟದ ಕೆಲವು ಜಾಗ

ಗುರುತು ಕಂಡರೆ ಕೋಶ ಬದಲಾಯಿತು ಎಂದಲ್ಲ. ಬೀಟಾ-3 ಟ್ಯುಬುಲಿನ್ ಕಂಡ ಮಾತ್ರಕ್ಕೆ ಅದು ನರಕೋಶವಾಗಲಿಲ್ಲ. ವಿದ್ಯುತ್ ಸಂಕೇತ ಹಾಯಿಸುತ್ತದೆಯೇ ಎಂದು ನೋಡಬೇಕು. ರಂಕ್ಸ್2 ಕೋಶಕೇಂದ್ರಕ್ಕೆ ಬಂದರೆ ಮೂಳೆಯ ದಾರಿ ಶುರುವಾಗಿದೆ ಅನ್ನಬಹುದು. ಅಲಿಜರಿನ್ ರೆಡ್ ಬಣ್ಣ ಹಾಕಿದಾಗ ಕ್ಯಾಲ್ಸಿಯಂ ಕಂಡರೆ ಆಗ ನಂಬಿಕೆ ಹೆಚ್ಚುತ್ತದೆ. ಕೊಬ್ಬಿಗೆ ಆಯಿಲ್ ರೆಡ್ ಓ ಬಣ್ಣದಲ್ಲಿ ಹನಿಗಳು ಕಾಣಬೇಕು. ಮೆದು ಜೆಲ್ ಮೇಲಿನ ಕೋಶಗಳು ನರಕೋಶವಾದವು ಎಂದು ಪಠ್ಯಗಳಲ್ಲಿ ಸಲೀಸಾಗಿ ಬರೆಯುವುದನ್ನು ನೋಡಿದರೆ ಬೇಸರವಾಗುತ್ತದೆ. ಮೂಲ ಪ್ರಯೋಗ ತೋರಿಸಿದ್ದು ಗುರುತುಗಳನ್ನು.

ಇನ್ನೊಂದು ಪ್ರಶ್ನೆ ಕೋಶಗಳ ಗುಂಪಿನದು. ಮಜ್ಜೆಯಿಂದ ತೆಗೆದ ಕೋಶಗಳು ಎಲ್ಲ ಒಂದೇ ತರಹ ಇರುವುದಿಲ್ಲ. ಗಡಸು ಜೆಲ್ ಅವುಗಳನ್ನು ಮೂಳೆಯ ಕಡೆ ತಿರುಗಿಸಿತೋ, ಅಥವಾ ಮೊದಲೇ ಆ ಕಡೆ ವಾಲಿದ್ದ ಕೋಶಗಳು ಅಲ್ಲಿ ಚೆನ್ನಾಗಿ ಬದುಕಿ ಉಳಿದವೋ? ಕೊನೆಯ ದಿನದ ಒಂದು ಚಿತ್ರದಿಂದ ಇದು ಗೊತ್ತಾಗುವುದಿಲ್ಲ. ಒಂದೊಂದು ಕೋಶವನ್ನೂ ಗುರುತಿಟ್ಟು, ಸಾಯುವವು ಎಷ್ಟು, ಒಡೆದು ಹೆಚ್ಚುವವು ಎಷ್ಟು ಎಂದು ಉದ್ದಕ್ಕೂ ಚಿತ್ರ ತೆಗೆಯುತ್ತಾ ಹೋಗಬೇಕು.

ಬಿತ್ತನೆ ದಟ್ಟವಾದರೆ ಇನ್ನೊಂದು ತೊಡಕು. ಪಕ್ಕದ ಕೋಶ ತಾಗಿದರೆ ಅದೂ ಸುತ್ತಲಿನ ಪರಿಸರವೇ. ಆಕಾರದ ಪ್ರಶ್ನೆಯನ್ನು 2004ರಲ್ಲೇ ರೋವೆನಾ ಮೆಕ್‌ಬೆತ್, ಕ್ರಿಸ್ಟೋಫರ್ ಚೆನ್ ಮತ್ತು ಜೊತೆಗಾರರು ಬೇರೆಯಾಗಿ ಕೇಳಿದ್ದರು. ಅಂಟುವ ಪ್ರೊಟೀನನ್ನು ಸಣ್ಣ ಮತ್ತು ದೊಡ್ಡ ಚೌಕಗಳಾಗಿ ಅಚ್ಚೊತ್ತಿ, ಒಂದು ಚೌಕಕ್ಕೆ ಒಂದು ಕೋಶ ಕೂರಿಸಿದರು. ಸುಮಾರು 1,000 ಚದರ ಮೈಕ್ರಾನಿನ ಚೌಕದಲ್ಲಿ ದುಂಡಗೆ ಉಳಿದ ಕೋಶಗಳು ಕೊಬ್ಬಿನ ಕಡೆ ಹೋದವು, 10,000 ಚದರ ಮೈಕ್ರಾನಿನಲ್ಲಿ ಹರಡಿಕೊಂಡವು ಮೂಳೆಯ ಕಡೆ. ನೆಲದ ಗಡಸುತನ ಎರಡರಲ್ಲೂ ಒಂದೇ.

ಪ್ಲಾಸ್ಟಿಕ್ ತಟ್ಟೆಯ ವಿಷಯ ಇಲ್ಲಿ ಮತ್ತೆ ಬರುತ್ತದೆ. ಕ್ರಿಸ್ಟಿ ಆನ್ಸೆತ್ ಅವರ ತಂಡ 2014ರಲ್ಲಿ ತೋರಿಸಿದ ಪ್ರಕಾರ, ಗಡಸು ಪ್ಲಾಸ್ಟಿಕ್ ಮೇಲೆ ಹೆಚ್ಚು ದಿನ ಬೆಳೆದ ಮಜ್ಜೆಯ ಕೋಶಗಳು ಮೆದು ಜೆಲ್‌ಗೆ ಬಂದ ಮೇಲೂ ಹಳೆಯ ನೆಲವನ್ನು ಬೇಗ ಬಿಡುವುದಿಲ್ಲ. ಯಾಪ್ ಅನ್ನುವ ಪ್ರೊಟೀನ್ ಗಡಸು ನೆಲದ ಮೇಲೆ ಕೋಶಕೇಂದ್ರದಲ್ಲಿರುತ್ತದೆ, ಮೆದು ನೆಲದ ಮೇಲೆ ಹೊರಗೆ ಬರುತ್ತದೆ. ಇದನ್ನು 2011ರಲ್ಲಿ ಸ್ಟೆಫಾನೊ ಪಿಕ್ಕೊಲೊ ಅವರ ತಂಡ ತೋರಿಸಿತ್ತು. ಪ್ಲಾಸ್ಟಿಕ್ ಮೇಲೆ ತುಂಬಾ ದಿನ ಕಳೆದ ಕೋಶಗಳಲ್ಲಿ ಯಾಪ್ ಮೆದು ಜೆಲ್ ಮೇಲೂ ಒಳಗೇ ಉಳಿಯಿತು. ಅಂದರೆ ಎರಡು ಪ್ರಯೋಗಾಲಯಗಳು ಒಂದೇ ಜೆಲ್ ಮಾಡಿದರೂ, ಕೋಶಗಳನ್ನು ಅದಕ್ಕೂ ಮುಂಚೆ ಎಷ್ಟು ದಿನ ತಟ್ಟೆಯಲ್ಲಿ ಬೆಳೆಸಿದ್ದರು ಅನ್ನುವುದರಿಂದಲೇ ಫಲಿತಾಂಶ ಬೇರೆ ಬರಬಹುದು. ಲೇಖನಗಳ ವಿಧಾನ ಭಾಗದಲ್ಲಿ ಈ ಅಂಕಿ ಸ್ಪಷ್ಟವಾಗಿ ಇರಲೇಬೇಕು.

ಕೊನೆಗೆ, ದೇಹದಲ್ಲಿ ಕೋಶ ಸಮತಟ್ಟು ನೆಲದ ಮೇಲೆ ಕೂತಿರುವುದು ಕಡಿಮೆ. ಸುತ್ತಲೂ ಜೆಲ್ ಇರುತ್ತದೆ. ಡೇವಿಡ್ ಮೂನಿ ಅವರ ತಂಡ 2010ರಲ್ಲಿ ಆಲ್ಜಿನೇಟ್ ಜೆಲ್ ಒಳಗೆ ಕೋಶಗಳನ್ನು ಹುದುಗಿಸಿದಾಗ ಮೂಳೆಯ ಕಡೆ ಹೋಗುವುದು 11ರಿಂದ 30 ಕಿಲೊಪಾಸ್ಕಲ್‌ನಲ್ಲಿ ಹೆಚ್ಚಿತ್ತು. ಆದರೆ ಆಕಾರಕ್ಕೂ ಅದಕ್ಕೂ ಸಂಬಂಧ ಇರಲಿಲ್ಲ. ಅದೇ ಗುಂಪಿನಿಂದ ಓವಿಜಿತ್ ಚೌಧುರಿ ಮೊದಲ ಲೇಖಕರಾಗಿ ಬರೆದ ಇನ್ನೊಂದು ಕೆಲಸ 2016ರಲ್ಲಿ ಬಂತು. ಅಲ್ಲಿ ಮೊದಲ ಗಡಸುತನವನ್ನು ಹಾಗೇ ಇಟ್ಟು, ಎಳೆದು ಹಿಡಿದಾಗ ಜೆಲ್ ಎಷ್ಟು ಬೇಗ ಸಡಿಲಿಸಿಕೊಳ್ಳುತ್ತದೆ ಅನ್ನುವುದನ್ನು ಮಾತ್ರ ಬದಲಿಸಿದರು. ಬೇಗ ಸಡಿಲಗೊಳ್ಳುವ, 17 ಕಿಲೊಪಾಸ್ಕಲ್‌ನ ಜೆಲ್‌ನಲ್ಲಿ ಕೋಶಗಳು ಕ್ಯಾಲ್ಸಿಯಂ ತುಂಬಿದ, ಮೂಳೆಯನ್ನು ಹೋಲುವ ಪದರವನ್ನೇ ಕಟ್ಟಿದವು. ಗಡಸುತನ, ಕಟ್ಟು, ರಂಧ್ರ ಎಂದು ನಡೆಯುತ್ತಿದ್ದ ಚರ್ಚೆಗೆ ಸಮಯವೂ ಸೇರಿಕೊಂಡಿತು.

ಇದೇ ಪ್ರಯೋಗವನ್ನು ಇವತ್ತು ಮಾಡುವುದಾದರೆ

ಒಂದೇ ಗಡಸುತನಕ್ಕೆ ಕನಿಷ್ಠ ಎರಡು ಬೇರೆ ಪಾಕದ ಜೆಲ್ ಇರಬೇಕು. ಎರಡರಲ್ಲೂ ಕೋಶ ಒಂದೇ ರೀತಿ ನಡೆದುಕೊಂಡರೆ ಮಾತ್ರ ಗಡಸುತನದ ಹೆಸರು ಹೇಳಬಹುದು. ಗಡಸುತನದ ಅಂಕಿಯ ಪಕ್ಕದಲ್ಲೇ ಜೆಲ್ ಎಷ್ಟು ಬೇಗ ಸಡಿಲಗೊಳ್ಳುತ್ತದೆ ಅನ್ನುವ ಅಂಕಿಯೂ ಇರಲಿ. ಕೊಲಾಜೆನ್ ಎಷ್ಟು ಕೂತಿದೆ ಎಂದು ಪ್ರತಿ ಜೆಲ್ ಮೇಲೂ ಹೊಳೆಯುವ ಪ್ರತಿಕಾಯ ಹಾಕಿ ನೋಡಬೇಕು. ಕಂದು ಬಣ್ಣ ಕಂಡಿತು ಅನ್ನುವುದು ಸಾಕಾಗುವುದಿಲ್ಲ. ಪ್ರೊಟೀನ್ ಲೇಪದ ಜೊತೆಗೆ ಆರ್‌ಜಿಡಿ ಬೆಸೆದ ಒಂದು ಜೆಲ್ ಇಟ್ಟುಕೊಂಡರೆ ಕಟ್ಟಿನ ಪ್ರಶ್ನೆಗೆ ಅದೇ ಉತ್ತರ ಕೊಡುತ್ತದೆ. ಬ್ಲೆಬ್ಬಿಸ್ಟಾಟಿನ್ ಬಳಸುವವರು ನೀಲಿ ಬೆಳಕಿನ ಬಗ್ಗೆ ಎಚ್ಚರ ವಹಿಸಬೇಕು. ಆ ಬೆಳಕಿಗೆ ಅದು ಕೆಡುತ್ತದೆ, ಕೋಶಗಳಿಗೂ ವಿಷವಾಗುತ್ತದೆ. ಕೋಶಗಳನ್ನು ಸಾಧ್ಯವಾದಷ್ಟು ಬೇಗ ಪ್ಲಾಸ್ಟಿಕ್‌ನಿಂದ ಜೆಲ್‌ಗೆ ತರಬೇಕು, ಎಷ್ಟು ದಿನ ತಟ್ಟೆಯಲ್ಲಿದ್ದವು ಎಂದು ಬರೆದಿಡಬೇಕು. ಬಣ್ಣ ಹಾಕಿದ ಚಿತ್ರಗಳನ್ನು ಎಣಿಸುವವರಿಗೆ ಯಾವ ಚಿತ್ರ ಯಾವ ಜೆಲ್‌ನದು ಎಂದು ಗೊತ್ತಿರಬಾರದು. ಆಕಾರ ನೋಡಿದ ಕೂಡಲೇ ಜೆಲ್ ಯಾವುದು ಎಂದು ಊಹಿಸಿಬಿಡಬಹುದಾದ್ದರಿಂದ, ಎಣಿಕೆಯನ್ನು ಕೋಶಕೇಂದ್ರದ ಬಣ್ಣದ ಚಿತ್ರವೊಂದನ್ನೇ ಕೊಟ್ಟು ಮಾಡಿಸುವುದು ಒಳ್ಳೆಯದು.